ನೆಪ ಹೊಸದು, ಪಿಕ್ಚರ್ ಹಳೆಯದು: ಯುರೋಪಿನ ಕಾಮಚಿತ್ರಗಳು ಬಿಟ್ಟುಹೋದ ಲೆಕ್ಕ

2024ರ ಕೊನೆಯ ತಿಂಗಳುಗಳಲ್ಲಿ ಯುರೋಪಿನ ಸಿನಿಮಾ ಲೋಕದಲ್ಲಿ ಎರಡು ಸಂಗತಿ ನಡೆದವು. ಸೆಪ್ಟೆಂಬರಿನಲ್ಲಿ ಸ್ಪೇನ್‌ನ ಸ್ಯಾನ್ ಸೆಬಾಸ್ಟಿಯನ್ ಚಿತ್ರೋತ್ಸವ 'ಎಮ್ಮಾನ್ಯುಯೆಲ್' ಎಂಬ ಚಿತ್ರದೊಂದಿಗೆ ಶುರುವಾಯಿತು. 1974ರಲ್ಲಿ ಇದೇ ಹೆಸರಿನಲ್ಲಿ ಬಂದು ಲೋಕವೆಲ್ಲ ಗದ್ದಲ ಎಬ್ಬಿಸಿದ್ದ ಫ್ರೆಂಚ್ ಚಿತ್ರದ ಹೊಸ ರೂಪ ಅದು. ಮಾಡಿದವರು ಓದ್ರೆ ದಿವಾನ್. 2021ರಲ್ಲಿ ವೆನಿಸ್‌ನಲ್ಲಿ ಚಿತ್ರೋತ್ಸವದ ದೊಡ್ಡ ಪ್ರಶಸ್ತಿಯಾದ ಚಿನ್ನದ ಸಿಂಹ ಗೆದ್ದ ನಿರ್ದೇಶಕಿ. ಡಿಸೆಂಬರಿನಲ್ಲಿ ಪ್ಯಾರಿಸ್‌ನ ಸಿನೆಮಾಥೆಕ್ ಫ್ರಾನ್ಸೇಸ್ ಎಂಬ ಚಿತ್ರ ಸಂಗ್ರಹಾಲಯ ತನ್ನ ಒಂದು ಪ್ರದರ್ಶನವನ್ನು ರದ್ದು ಮಾಡಿತು. ಚಿತ್ರ 'ಲಾಸ್ಟ್ ಟ್ಯಾಂಗೊ ಇನ್ ಪ್ಯಾರಿಸ್', 1972ರದ್ದು. ಅದರ ನಾಯಕ, ಅಮೆರಿಕದ ನಟ ಮಾರ್ಲನ್ ಬ್ರಾಂಡೊ ಚಿತ್ರಗಳ ಸಾಲಿನಲ್ಲಿ ಅದನ್ನು ಇಟ್ಟಿದ್ದರು. ಮಹಿಳಾ ಸಂಘಟನೆಗಳು ಸಿಟ್ಟಾದವು. ಭದ್ರತೆಯ ಕಾರಣ ಹೇಳಿ ಸಂಸ್ಥೆ ಹಿಂದೆ ಸರಿಯಿತು.

ಎರಡು ವರ್ಷದ ಅಂತರದಲ್ಲಿ ಬಂದಿದ್ದ ಎರಡು ಚಿತ್ರಗಳು. ಐವತ್ತು ವರ್ಷ ಆದಮೇಲೆ ಒಂದಕ್ಕೆ ರೆಡ್ ಕಾರ್ಪೆಟ್, ಇನ್ನೊಂದಕ್ಕೆ ಬೀಗ. ಇದು ಯಾಕೆ ಹೀಗೆ?

ಮೊದಲು ಸರಕು ಯಾವುದು ಅಂತ ನೋಡೋಣ. ಸಿನಿಮಾದವರು ಇದನ್ನು ಎಕ್ಸ್‌ಪ್ಲಾಯ್ಟೇಷನ್ ಸಿನಿಮಾ ಅನ್ನುತ್ತಾರೆ. ಕಡಿಮೆ ಬಂಡವಾಳ, ಗಡಿಬಿಡಿಯ ಶೂಟಿಂಗ್, ಪೋಸ್ಟರಿನಲ್ಲಿ ಒಂದೇ ಒಂದು ಆಕರ್ಷಣೆ. ಆ ಆಕರ್ಷಣೆ ರಕ್ತವಾಗಬಹುದು, ಡ್ರಗ್ಸ್ ಆಗಬಹುದು. ಯುರೋಪಿನಲ್ಲಿ 1960ರ ದಶಕದ ಕೊನೆಯಿಂದ 1980ರ ದಶಕದ ಶುರುವಿನವರೆಗೆ ಜಾಸ್ತಿ ಓಡಿದ್ದು ಕಾಮ. ಸ್ವೀಡನ್, ಡೆನ್ಮಾರ್ಕ್, ಪಶ್ಚಿಮ ಜರ್ಮನಿ, ಫ್ರಾನ್ಸ್, ಇಟಲಿ, ಸ್ಪೇನ್, ಬ್ರಿಟನ್ ಎಲ್ಲ ಕಡೆ ಇಂಥ ಚಿತ್ರಗಳು ಬಂದವು. 'ಲಾಸ್ಟ್ ಟ್ಯಾಂಗೊ'ವನ್ನು ಈ ಸಾಲಿಗೆ ಸೇರಿಸಬಾರದು, ಅದು ಕಲಾಕೃತಿ ಎಂದು ಜಗಳಕ್ಕೆ ಬರುವವರು ಈಗಲೂ ಇದ್ದಾರೆ. ಆ ಜಗಳವೂ ಈ ಕತೆಯ ಭಾಗವೇ.

ಯಾಕೆಂದರೆ ಈ ಚಿತ್ರಗಳಿಗೆ ಯಾವತ್ತೂ ಒಂದು ನೆಪ ಬೇಕಿತ್ತು. ಮೈ ತೋರಿಸುತ್ತೇವೆ, ಬನ್ನಿ ಎಂದು ನೇರವಾಗಿ ಕರೆದವರು ಕಡಿಮೆ. ಒಬ್ಬರು ಶಿಕ್ಷಣ ಎಂದರು. ಇನ್ನೊಬ್ಬರು ಸ್ವಾತಂತ್ರ್ಯ ಎಂದರು. ಮತ್ತೊಬ್ಬರು ಕಲೆ ಎಂದರು. ಈಗ ಅದೇ ರೀಲುಗಳನ್ನು ತೊಳೆದು, ಸ್ಕ್ಯಾನ್ ಮಾಡಿ ಮಾರುವವರು ಪರಂಪರೆ ಅನ್ನುತ್ತಿದ್ದಾರೆ. ನನಗೆ ಅನಿಸುವುದು ಇಷ್ಟು: ಈ ಸಿನಿಮಾಗಳು ಏನು ಬಿಟ್ಟುಹೋದವು ಎಂದು ತಿಳಿಯಬೇಕಾದರೆ ಈ ನೆಪಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು. ನೆಪಗಳು ಪೂರ್ತಿ ಸುಳ್ಳಾಗಿದ್ದರೆ ಕೆಲಸ ಸುಲಭವಿತ್ತು. ಅವು ಪೂರ್ತಿ ಸುಳ್ಳಲ್ಲ, ಅಲ್ಲೇ ತೊಡಕು.

ಸ್ವೀಡನ್‌ನಿಂದ ಶುರು ಮಾಡೋಣ. ಇಂಗ್ಮಾರ್ ಬರ್ಗ್‌ಮನ್ 1953ರಲ್ಲಿ ಮೋನಿಕಾ ಎಂಬ ಹುಡುಗಿಯ ಬೇಸಿಗೆಯ ಪ್ರೇಮದ ಬಗ್ಗೆ ಒಂದು ಚಿತ್ರ ಮಾಡಿದರು. ಬಡತನ, ಬೇಸರ, ಓಡಿಹೋಗುವ ಆಸೆ, ಆಮೇಲೆ ಮಗು, ಸಂಸಾರ, ಒಡಕು. ನಡುವೆ ಸಮುದ್ರದ ದಡದಲ್ಲಿ ಕೆಲವು ಕ್ಷಣದ ನಗ್ನತೆ. ಕ್ರೋಗರ್ ಬ್ಯಾಬ್ ಎಂಬ ಅಮೆರಿಕದ ವ್ಯಾಪಾರಿ ಅದನ್ನು ಕೊಂಡು, ಸುಮಾರು ಒಂದು ಗಂಟೆಗೆ ಕತ್ತರಿಸಿ, ಇಂಗ್ಲಿಷ್‌ಗೆ ಡಬ್ ಮಾಡಿಸಿ, ಹೊಸ ಸಂಗೀತ ಹಾಕಿಸಿ, 1955ರಲ್ಲಿ 'ಕೆಟ್ಟ ಹುಡುಗಿಯೊಬ್ಬಳ ಕತೆ' ಎಂಬರ್ಥದ ಹೆಸರಿಟ್ಟು ಮಾರಿದ. ಅಂದರೆ ಕಲಾಚಿತ್ರ ಮತ್ತು ಕಾಮಚಿತ್ರ ಎರಡೂ ಒಂದೇ ರೀಲಿನಲ್ಲಿದ್ದವು. ಯಾವುದು ಹೊರಗೆ ಬರಬೇಕು ಎಂಬುದು ಕತ್ತರಿ ಹಿಡಿದವನ ಕೈಯಲ್ಲಿತ್ತು. ಸ್ವೀಡನ್ ಎಂದರೆ ಮಡಿಯಿಲ್ಲದ ದೇಶ ಎಂಬ ಕಲ್ಪನೆ ಹುಟ್ಟಿದ್ದರಲ್ಲಿ ಸ್ವೀಡನ್ನಿನವರ ಪಾಲಿನಷ್ಟೇ ಇಂಥ ಕತ್ತರಿಗಳ ಪಾಲೂ ಇದೆ.

1967ರಲ್ಲಿ ವಿಲ್ಗೊಟ್ ಷೋಮನ್ 'ಐ ಆಮ್ ಕ್ಯೂರಿಯಸ್ (ಯೆಲ್ಲೋ)' ಮಾಡಿದರು. ಇದರಲ್ಲಿ ಲೆನಾ ಎಂಬ ಹುಡುಗಿ ಮೈಕ್ ಹಿಡಿದು ಸ್ಟಾಕ್‌ಹೋಮ್ ಬೀದಿಯಲ್ಲಿ ಓಡಾಡುತ್ತಾಳೆ. ಸ್ವೀಡನ್‌ನಲ್ಲಿ ವರ್ಗಭೇದ ಇದೆಯಾ ಎಂದು ಸಿಕ್ಕವರನ್ನೆಲ್ಲ ಕೇಳುತ್ತಾಳೆ. ಮುಂದೆ ಪ್ರಧಾನಿಯಾದ ಒಲೋಫ್ ಪಾಲ್ಮೆ ಇದರಲ್ಲಿ ಮಾತಾಡುತ್ತಾರೆ. ಮಾರ್ಟಿನ್ ಲೂಥರ್ ಕಿಂಗ್ ಕೂಡ ಇದ್ದಾರೆ. ಜೊತೆಗೆ ಮುಚ್ಚುಮರೆಯಿಲ್ಲದ ಪ್ರಣಯವೂ ಇದೆ. 1968ರಲ್ಲಿ ಅಮೆರಿಕದ ಕಸ್ಟಮ್ಸ್ ಇಲಾಖೆ ಪ್ರಿಂಟನ್ನು ಜಪ್ತಿ ಮಾಡಿತು. ಮೇಲ್ಮನವಿ ಕೋರ್ಟಿನಲ್ಲಿ ಚಿತ್ರ ಗೆದ್ದು, 1969ರಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡಾಗ ಜನ ಸಾಲುಗಟ್ಟಿ ನಿಂತರು. ಅಷ್ಟೂ ಜನ ವರ್ಗಭೇದದ ಬಗ್ಗೆ ತಿಳಿಯೋಕೆ ಬಂದಿದ್ದರು ಎಂದು ಯಾರೂ ನಂಬುವುದಿಲ್ಲ. ಆದರೂ ಆ ಮೊಕದ್ದಮೆಯಿಂದ ಅಮೆರಿಕದಲ್ಲಿ ಅಶ್ಲೀಲತೆಯ ಕಾನೂನು ಅಲುಗಾಡಿದ್ದು ನಿಜ. ಅದೇ 1969ರಲ್ಲಿ ಡೆನ್ಮಾರ್ಕ್ ವಯಸ್ಕರಿಗೆ ಚಿತ್ರರೂಪದ ಅಶ್ಲೀಲ ಸಾಹಿತ್ಯದ ಮೇಲಿನ ನಿಷೇಧವನ್ನು ತೆಗೆದುಹಾಕಿತು. ಜಗತ್ತಿನಲ್ಲೇ ಮೊದಲ ದೇಶ.

ಈ ಮೈಕನ್ನು ನೆನಪಿಡಿ. ಅದು ಈಗ ಜರ್ಮನಿಗೆ ಹೋಗುತ್ತದೆ.

1967ರಲ್ಲೇ ಪಶ್ಚಿಮ ಜರ್ಮನಿಯಲ್ಲಿ 'ಹೆಲ್ಗಾ' ಎಂಬ ಚಿತ್ರ ಬಂತು. ಆಗಿನ ಆರೋಗ್ಯ ಸಚಿವೆ ಕೇಟೆ ಸ್ಟ್ರೋಬೆಲ್ ಅವರ ಇಲಾಖೆಯ ಬೆಂಬಲದಿಂದ ಆದ ಲೈಂಗಿಕ ಶಿಕ್ಷಣದ ಚಿತ್ರ. ಗರ್ಭ ಹೇಗೆ ನಿಲ್ಲುತ್ತದೆ, ಮಗು ಹೇಗೆ ಬೆಳೆಯುತ್ತದೆ, ಹೆರಿಗೆ ಹೇಗೆ ಆಗುತ್ತದೆ, ಎಲ್ಲವನ್ನೂ ತೋರಿಸಿತು. ಹೆರಿಗೆಯ ದೃಶ್ಯಕ್ಕೆ ಗಂಡಸರು ತಲೆತಿರುಗಿ ಬಿದ್ದರು ಎಂದು ಪತ್ರಿಕೆಗಳು ಬರೆದವು. ಲಕ್ಷಾಂತರ ಜನ ಟಿಕೆಟ್ ಕೊಂಡು ನೋಡಿದರು. ಅಮ್ಮ ಹೇಳದ, ಮೇಷ್ಟ್ರು ಹೇಳದ ವಿಷಯವನ್ನು ಸರ್ಕಾರವೇ ಪರದೆ ಮೇಲೆ ಹೇಳಿತು. ಇದನ್ನು ನೆಪ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಎಷ್ಟೋ ಹೆಂಗಸರಿಗೆ ತಮ್ಮ ಮೈಯ ಬಗ್ಗೆ ಸಿಕ್ಕ ಮೊದಲ ಪಾಠ ಅದೇ ಇರಬೇಕು.

ಆದರೆ ಥಿಯೇಟರಿನ ಗಲ್ಲಾಪೆಟ್ಟಿಗೆ ಬೇರೆಯದೇ ಪಾಠ ಕಲಿಯಿತು. ಶಿಕ್ಷಣ ಎಂದು ಬೋರ್ಡ್ ಹಾಕಿದರೆ ಸೆನ್ಸಾರ್ ಸುಮ್ನೆ ಬಿಡುತ್ತದೆ, ಜನ ನಾಚದೆ ಬರುತ್ತಾರೆ. 1970ರಲ್ಲಿ ಮ್ಯೂನಿಕ್‌ನ ನಿರ್ಮಾಪಕ ವೋಲ್ಫ್ ಹಾರ್ಟ್‌ವಿಗ್ 'ಷೂಲ್‌ಮೇಡ್ಷನ್ ರಿಪೋರ್ಟ್' ತೆಗೆದರು. ಶಾಲಾ ಹುಡುಗಿಯರ ಬಗ್ಗೆ ವರದಿ ಎಂದು ಹೆಸರು. ಒಂದು ಪುಸ್ತಕ ಆಧಾರ ಎಂದು ಹೇಳಿಕೊಂಡರು. ಇದರಲ್ಲೂ ಒಬ್ಬ ವರದಿಗಾರ ಮೈಕ್ ಹಿಡಿದು ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಾನೆ. ಗಂಭೀರ ಮುಖ, ಟೈ, ಸಮಾಜಶಾಸ್ತ್ರದ ಧಾಟಿ. ಆ ಪಾತ್ರ ಮಾಡಿದ ಫ್ರೀಡ್ರಿಷ್ ಫಾನ್ ಥುನ್ ಮುಂದೆ 'ಷಿಂಡ್ಲರ್ಸ್ ಲಿಸ್ಟ್'ನಲ್ಲೂ ನಟಿಸಿದರು. ಬೀದಿಯ ಪ್ರಶ್ನೆ ಮುಗಿದ ಕೂಡಲೇ 'ಉದಾಹರಣೆ' ಎಂದು ಒಂದು ದೃಶ್ಯ ಶುರು. ಜನ ದುಡ್ಡು ಕೊಟ್ಟು ಬಂದದ್ದು ಆ ಉದಾಹರಣೆಗಳಿಗೆ. ವಿಪರೀತ ಓಡಿತು. 1980ರ ಹೊತ್ತಿಗೆ ಈ ಸರಣಿಯಲ್ಲಿ 13 ಚಿತ್ರ ಬಂದಿದ್ದವು.

ಸ್ಟಾಕ್‌ಹೋಮ್‌ನ ಮೈಕು ಪ್ರಶ್ನೆ ಕೇಳುವುದಕ್ಕೆ ಇತ್ತು. ಮ್ಯೂನಿಕ್‌ನ ಮೈಕು ಪರದೆಯಂತೆ ಮುಚ್ಚುವುದಕ್ಕೆ ಇತ್ತು. ಹೆಸರಲ್ಲೇ ಶಾಲಾ ಹುಡುಗಿಯರನ್ನು ಮಾರಾಟಕ್ಕಿಟ್ಟ ಸರಣಿ ಯಾವ ಆಸೆಗೆ ಗಾಳ ಹಾಕುತ್ತಿತ್ತು ಎಂಬುದನ್ನು ಇವತ್ತು ಬಿಡಿಸಿ ಹೇಳಬೇಕಾಗಿಲ್ಲ. ಆಗ ಅದನ್ನು ಕೇಳಿದವರು ಕಡಿಮೆ. ಜರ್ಮನಿಯ ಖಾಸಗಿ ಟಿವಿ ಚಾನೆಲ್‌ಗಳು ಹುಟ್ಟಿದ ಮೇಲೆ ಇವೇ ಚಿತ್ರಗಳು ಕತ್ತರಿ ಹಾಕಿಸಿಕೊಂಡು ರಾತ್ರಿ ಹೊತ್ತು ಮನೆಮನೆಗೆ ಬಂದವು. ಅಪ್ಪ ಥಿಯೇಟರಿನಲ್ಲಿ ಕದ್ದು ನೋಡಿದ್ದನ್ನು ಮಗ ಟಿವಿಯಲ್ಲಿ ಕದ್ದು ನೋಡಿದ.

ಇನ್ನು ಫ್ರಾನ್ಸ್. ಇಲ್ಲಿ ನೆಪದ ಹೆಸರು ಸ್ವಾತಂತ್ರ್ಯ.

ಅಧ್ಯಕ್ಷ ಪೊಂಪಿದು 1974ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಮೇ ತಿಂಗಳಲ್ಲಿ ಜಿಸ್ಕಾರ್ ದೆಸ್ತಾಂಗ್ ಗೆದ್ದರು. ಹೊಸ ಅಧ್ಯಕ್ಷರು ಸೆನ್ಸಾರ್ ಸಡಿಲಿಸುವ ಮಾತಾಡುತ್ತಿದ್ದರು. ಜೂನ್ 26ಕ್ಕೆ 'ಎಮ್ಮಾನ್ಯುಯೆಲ್' ಬಿಡುಗಡೆಯಾಯಿತು. ನಿರ್ದೇಶಕ ಝೂಸ್ತ್ ಝೆಕಾನ್ ಫ್ಯಾಷನ್ ಫೋಟೋಗ್ರಾಫರ್ ಆಗಿದ್ದವರು. ನಾಯಕಿ ನೆದರ್ಲೆಂಡ್ಸ್‌ನ ಸಿಲ್ವಿಯಾ ಕ್ರಿಸ್ಟೆಲ್, ಆಗ 21 ವರ್ಷ. ಬ್ಯಾಂಕಾಕ್‌ನಲ್ಲಿರುವ ಫ್ರೆಂಚ್ ಅಧಿಕಾರಿಯೊಬ್ಬನ ಹೆಂಡತಿ ತನ್ನ ಆಸೆಗಳನ್ನು ಹುಡುಕಿಕೊಂಡು ಹೋಗುವ ಕತೆ. ದೊಡ್ಡ ಬೆನ್ನಿನ ಬೆತ್ತದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ಆಕೆಯ ಪೋಸ್ಟರನ್ನು ಚಿತ್ರ ನೋಡದವರೂ ಗುರುತಿಸುತ್ತಾರೆ. ಫ್ರಾನ್ಸ್‌ನಲ್ಲಿ ಸುಮಾರು 89 ಲಕ್ಷ ಟಿಕೆಟ್ ಹೋಯಿತು. ಷಾಂಜೆಲೀಜೆ ಬೀದಿಯ ಒಂದು ಥಿಯೇಟರಿನಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಓಡಿತು. ಪ್ಯಾರಿಸ್ ನೋಡಲು ಬಂದ ಪ್ರವಾಸಿಗಳಿಗೆ ಐಫೆಲ್ ಗೋಪುರದ ಜೊತೆಗೆ ಇದೂ ಒಂದು ಐಟಂ ಆಗಿತ್ತು ಎಂದರೆ ತಪ್ಪಾಗದು.

ಈ ಚಿತ್ರದ ಗೆಲುವಿನ ಗುಟ್ಟು ಅದರ ನಯದಲ್ಲಿತ್ತು. ಹಿಂದಿನ ಕಾಮಚಿತ್ರಗಳಿಗೆ ಗಂಡಸರು ಕಾಲರ್ ಎತ್ತಿಕೊಂಡು, ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ಇದಕ್ಕೆ ಗಂಡಹೆಂಡಿರು ಜೋಡಿಯಾಗಿ ಹೋದರು. ಮೆತ್ತನೆ ಬೆಳಕು, ಒಳ್ಳೆ ಬಟ್ಟೆ, ಪಿಯೆರ್ ಬಾಷ್ಲೆಯ ಇಂಪಾದ ಹಾಡು. ಅಮೆರಿಕದಲ್ಲಿ ಕೊಲಂಬಿಯಾದಂಥ ದೊಡ್ಡ ಕಂಪನಿಯೇ ಹಂಚಿಕೆಗೆ ತೆಗೆದುಕೊಂಡಿತು. ಆಮೇಲಿನ ಸುಗಂಧದ ಜಾಹೀರಾತುಗಳಲ್ಲಿ, ಮ್ಯೂಸಿಕ್ ವಿಡಿಯೋಗಳಲ್ಲಿ ಕಾಣುವ ಆ ಮಸುಕು ಬೆಳಕಿನ, ಪಾರದರ್ಶಕ ಪರದೆಯ ಶೈಲಿಯಲ್ಲಿ ಇದರ ನೆರಳು ನನಗೆ ಕಾಣುತ್ತದೆ. ಕಾಮವನ್ನು ಮಧ್ಯಮವರ್ಗದ ಡ್ರಾಯಿಂಗ್ ರೂಮಿಗೆ ಒಪ್ಪುವಂತೆ ಪಾಲಿಷ್ ಮಾಡಿದ್ದು ಇದೇ ಚಿತ್ರ.

ಆದರೆ ಯಾರ ಸ್ವಾತಂತ್ರ್ಯ? ಎಮ್ಮಾನ್ಯುಯೆಲ್‌ಗೆ ಪಾಠ ಹೇಳುವವನು ಒಬ್ಬ ವಯಸ್ಸಾದ ಗಂಡಸು. ಅವನ ಪಾಠದ ಭಾಗವಾಗಿ ಅಫೀಮಿನ ಅಡ್ಡೆಯೊಂದರಲ್ಲಿ ಆಕೆಯ ಮೇಲೆ ಅತ್ಯಾಚಾರವಾಗುತ್ತದೆ. ಚಿತ್ರ ಅದನ್ನು ಬಿಡುಗಡೆಯ ಮೆಟ್ಟಿಲು ಎಂಬಂತೆ ತೋರಿಸುತ್ತದೆ. ಆ ದೃಶ್ಯ ಕ್ರಿಸ್ಟೆಲ್‌ಗೆ ಇಷ್ಟವಿರಲಿಲ್ಲ. ಇನ್ನು ಥಾಯ್ಲೆಂಡ್? ಅಲ್ಲಿನವರು ಹಿನ್ನೆಲೆಯ ಗಿಡಮರಗಳ ಹಾಗೆ ಬಂದು ಹೋಗುತ್ತಾರೆ, ಇಲ್ಲವೇ ಅಪಾಯವಾಗಿ ಬರುತ್ತಾರೆ. ಯುರೋಪಿನ ಹೆಂಗಸು ಬಿಡುಗಡೆಯಾಗುವುದಕ್ಕೆ ಏಷ್ಯಾ ಒಂದು ಸೆಟ್. ಮೂಲ ಕಾದಂಬರಿ ಎಮ್ಮಾನ್ಯುಯೆಲ್ ಆರ್ಸಾನ್ ಎಂಬ ಹೆಸರಿನಲ್ಲಿ ಬಂದಿತ್ತು. ಆ ಹೆಸರಿನ ಹಿಂದೆ ಇದ್ದವರು ಥಾಯ್ಲೆಂಡ್‌ನಲ್ಲಿ ಹುಟ್ಟಿದ ಮರಾಯತ್ ಎನ್ನುತ್ತಾರೆ. ಇಂಥ ವಿಚಿತ್ರಗಳಿಗೆ ಈ ಕತೆಯಲ್ಲಿ ಕೊರತೆಯಿಲ್ಲ.

ಇಟಲಿಯವರು ಬೇಗ ಎಚ್ಚೆತ್ತರು. ಹೆಸರಿನ ಹಕ್ಕಿನ ತಕರಾರು ಬರದಿರಲಿ ಎಂದು ಒಂದು 'ಮ್' ಕಿತ್ತುಹಾಕಿ 1975ರಲ್ಲಿ 'ಬ್ಲ್ಯಾಕ್ ಎಮಾನ್ಯುಯೆಲ್' ಶುರು ಮಾಡಿದರು. ನಾಯಕಿ ಲಾರಾ ಜೆಮ್ಸರ್, ಇಂಡೊನೇಷ್ಯಾದ ಸುರಬಾಯದಲ್ಲಿ ಹುಟ್ಟಿ ನೆದರ್ಲೆಂಡ್ಸ್‌ನಲ್ಲಿ ಬೆಳೆದವರು. 'ಬ್ಲ್ಯಾಕ್' ಎಂದು ಕರೆದದ್ದು ಈ ಇಂಡೊನೇಷ್ಯಾದ ಹೆಣ್ಣುಮಗಳನ್ನು! ಬಿಳಿಯಲ್ಲದ್ದೆಲ್ಲ ಅವರಿಗೆ ಒಂದೇ ಡಬ್ಬಿ. ಪಾತ್ರ ಮಾತ್ರ ಕುತೂಹಲದ್ದು. ದೇಶದಿಂದ ದೇಶಕ್ಕೆ ಕ್ಯಾಮೆರಾ ಹಿಡಿದು ತಿರುಗುವ ಪತ್ರಕರ್ತೆ. ಒಂದು ಚಿತ್ರದಲ್ಲಿ ಶಾಂತಿ ಎಂಬ ಹೆಸರಿನ ಕಾಮಗುರು ಬೇರೆ ಬರುತ್ತಾನೆ, ಪಾತ್ರ ಮಾಡಿದ್ದು ಜಾರ್ಜ್ ಈಸ್ಟ್‌ಮನ್ ಎಂಬ ಇಟಲಿಯ ನಟ. ನೋಡಿದರೆ ನಮಗೆ ನಗು ಬರುತ್ತದೆ.

ಫ್ರಾನ್ಸ್ ಸರ್ಕಾರ ಮುಂದಿನ ವರ್ಷವೇ ಗೇರ್ ಬದಲಿಸಿತು. ಬಾಗಿಲು ತೆರೆದದ್ದೇ ತಡ, ಕಾಮವನ್ನು ಪೂರ್ತಿ ನೇರವಾಗಿ ತೋರಿಸುವ ಚಿತ್ರಗಳು ನುಗ್ಗಿದ್ದವು. 1975ರ ಡಿಸೆಂಬರ್ 30ರ ಹಣಕಾಸು ಕಾನೂನಿನಲ್ಲಿ 'ಎಕ್ಸ್' ಎಂಬ ವರ್ಗ ಹುಟ್ಟಿತು. ಅಂಥ ಚಿತ್ರಕ್ಕೆ ಬೇರೆ ಥಿಯೇಟರ್, ಹೆಚ್ಚಿನ ದರದ ತೆರಿಗೆ, ಲಾಭದ ಮೇಲೆ ಇನ್ನೊಂದು 20 ಪರ್ಸೆಂಟ್ ವಸೂಲಿ, ಸರ್ಕಾರದ ಸಹಾಯಧನ ಇಲ್ಲ. ನಿಷೇಧ ಮಾತ್ರ ಇಲ್ಲ. ಬೈಯುವವರೂ ಅವರೇ, ವಸೂಲಿಗೆ ನಿಲ್ಲುವವರೂ ಅವರೇ. ನಮ್ಮಲ್ಲಿ ಅಬಕಾರಿ ಇಲಾಖೆ ಇದ್ದ ಹಾಗೆ. 'ಎಮ್ಮಾನ್ಯುಯೆಲ್' ಆ ಹೊತ್ತಿಗೆ ಆಚೆ ದಡ ಸೇರಿತ್ತು, ಎಕ್ಸ್ ಮುದ್ರೆ ಬೀಳಲಿಲ್ಲ. ನಯವಾದದ್ದು ಬಚಾವ್, ಒರಟಾದದ್ದು ಗಲ್ಲಿಗೆ. ಇವತ್ತಿಗೂ 'ಎರೋಟಿಕ್' ಎಂದರೆ ಮರ್ಯಾದಸ್ಥ, 'ಪೋರ್ನ್' ಎಂದರೆ ಕೊಳಕು ಎಂದು ನಾವು ಎಳೆಯುವ ಗೆರೆಯಲ್ಲಿ ಅರ್ಧ ಪಾಲು ಇಂಥ ತೆರಿಗೆ ಕಾನೂನುಗಳದ್ದು.

ಸ್ಪೇನ್‌ನಲ್ಲಿ ಈ ಸ್ವಾತಂತ್ರ್ಯದ ಮಾತಿಗೆ ಜಾಸ್ತಿ ತೂಕವಿತ್ತು. ಅಲ್ಲಿ ಸರ್ವಾಧಿಕಾರಿ ಫ್ರಾಂಕೊ ಇನ್ನೂ ಬದುಕಿದ್ದ. 'ಲಾಸ್ಟ್ ಟ್ಯಾಂಗೊ' ನೋಡಲು ಸ್ಪೇನಿನ ಜನ ಬಸ್ಸು ಕಾರು ಮಾಡಿಕೊಂಡು ಗಡಿ ದಾಟಿ ಫ್ರಾನ್ಸ್‌ನ ಪೆರ್ಪಿನ್ಯಾಗೆ ಹೋಗುತ್ತಿದ್ದರು. ಮೈ ನೋಡುವ ಆಸೆ ಮತ್ತು ಸರ್ವಾಧಿಕಾರಿಗೆ ಬೆನ್ನು ತೋರಿಸುವ ಆಸೆ ಎರಡೂ ಒಂದೇ ಬಸ್ಸಿನಲ್ಲಿ ಕೂತಿದ್ದವು. ಫ್ರಾಂಕೊ 1975ರಲ್ಲಿ ಸತ್ತ. 1977ರಲ್ಲಿ ಸೆನ್ಸಾರ್ ಹೋಯಿತು, 'ಎಸ್' ಎಂಬ ಹೊಸ ಮುದ್ರೆ ಬಂತು, ಆ ಮುದ್ರೆಯ ಚಿತ್ರಗಳು ಕೆಲವು ವರ್ಷ ಮಳೆಯಂತೆ ಸುರಿದವು. ಆ ಅಲೆಯ ನಟಿಯರನ್ನು ಆಗ ಪತ್ರಿಕೆಗಳು ಪ್ರಜಾಪ್ರಭುತ್ವದ ಮುಖಗಳ ಹಾಗೆ ಮುಖಪುಟಕ್ಕೆ ಹಾಕಿದವು, ಅಲೆ ಇಳಿದ ಮೇಲೆ ಮರೆತವು.

ಇಟಲಿಯಲ್ಲಿ ಉಲ್ಟಾ. 1976ರ ಜನವರಿಯಲ್ಲಿ ಅಲ್ಲಿನ ಅತ್ಯುನ್ನತ ಕೋರ್ಟು 'ಲಾಸ್ಟ್ ಟ್ಯಾಂಗೊ'ದ ಪ್ರಿಂಟುಗಳನ್ನು ನಾಶ ಮಾಡಿ ಎಂದಿತು. ನಿರ್ದೇಶಕ ಬರ್ನಾರ್ಡೊ ಬರ್ಟೊಲುಚಿಗೆ ಅಮಾನತಿನಲ್ಲಿಟ್ಟ ಜೈಲುಶಿಕ್ಷೆ, ಜೊತೆಗೆ ಐದು ವರ್ಷ ಮತದಾನದ ಹಕ್ಕಿಲ್ಲ. ನಿಷೇಧ ಹೋಗಿದ್ದು 1987ರಲ್ಲಿ. ಈ ಕತೆಯನ್ನು ವರ್ಷಾನುಗಟ್ಟಲೆ ಎಲ್ಲರೂ ಒಂದೇ ರೀತಿ ಹೇಳಿದರು: ಮಡಿವಂತ ಕೋರ್ಟು, ಧೀರ ಕಲಾವಿದ. ಆ ಕತೆಯಲ್ಲಿ ಚಿತ್ರದ ನಾಯಕಿ ಮಾರಿಯಾ ಶ್ನೈಡರ್ ಎಲ್ಲಿದ್ದರು?

ಚಿತ್ರೀಕರಣದ ಹೊತ್ತಿಗೆ ಶ್ನೈಡರ್‌ಗೆ 19 ವರ್ಷ. ಬ್ರಾಂಡೊಗೆ 47. ಚಿತ್ರದಲ್ಲಿ ಬೆಣ್ಣೆ ಬಳಸಿ ಮಾಡುವ ಬಲಾತ್ಕಾರದ ದೃಶ್ಯವೊಂದಿದೆ. ಕಾಮ ನಟನೆಯದೇ, ಆದರೆ ಬೆಣ್ಣೆಯ ವಿಷಯವನ್ನು ಬರ್ಟೊಲುಚಿ ಮತ್ತು ಬ್ರಾಂಡೊ ಆ ಬೆಳಿಗ್ಗೆ ತಾವಿಬ್ಬರೇ ಮಾತಾಡಿಕೊಂಡರು. ಶ್ನೈಡರ್‌ಗೆ ಮೊದಲೇ ಹೇಳಲಿಲ್ಲ. ತನಗೆ ನಟಿಯ ಪ್ರತಿಕ್ರಿಯೆ ಬೇಡವಿತ್ತು, ಹುಡುಗಿಯ ಪ್ರತಿಕ್ರಿಯೆ ಬೇಕಿತ್ತು ಎಂದು ಬರ್ಟೊಲುಚಿ 2013ರಲ್ಲಿ ಒಂದು ಸಂದರ್ಶನದಲ್ಲಿ ಹೇಳಿದರು. ದೃಶ್ಯ ಸ್ಕ್ರಿಪ್ಟಿನಲ್ಲಿತ್ತು, ಬೆಣ್ಣೆ ಮಾತ್ರ ಇರಲಿಲ್ಲ ಎಂದು 2016ರಲ್ಲಿ ಸಮಜಾಯಿಷಿ ಕೊಟ್ಟರು. ಜಗತ್ತು ಗಾಬರಿಯಾಗಿದ್ದು ಆ 2016ರಲ್ಲಿ. ಆದರೆ ಶ್ನೈಡರ್ ತಮಗೆ ಅವಮಾನವಾಯಿತು, ತಾನು ಅತ್ತಿದ್ದು ನಿಜವಾದ ಅಳು ಎಂದು 2007ರಲ್ಲೇ ಹೇಳಿದ್ದರು. 2011ರಲ್ಲಿ ತೀರಿಕೊಂಡರು. ಗಮನಿಸಿ, ಅವರು ಹೇಳಿದಾಗ ಆಗದ ಸುದ್ದಿ ನಿರ್ದೇಶಕ ಒಪ್ಪಿಕೊಂಡಾಗ ಆಯಿತು. ಕೋರ್ಟಿಗೆ ಸಮಾಜದ ನೀತಿಯ ಚಿಂತೆ, ನಿರ್ದೇಶಕನಿಗೆ ಕಲೆಯ ಚಿಂತೆ. ಹುಡುಗಿಗೆ ಮೊದಲೇ ಹೇಳಿದ್ದೀರಾ ಎಂಬ ಸಾದಾ ಪ್ರಶ್ನೆ ಎರಡೂ ಕಡೆಯವರಿಗೆ ಹೊಳೆಯಲಿಲ್ಲ.

ಇವತ್ತು ಸಿನಿಮಾ, ವೆಬ್ ಸೀರೀಸ್ ಸೆಟ್ಟುಗಳಲ್ಲಿ ಇಂಟಿಮಸಿ ಕೋಆರ್ಡಿನೇಟರ್ ಎಂಬವರು ಇರುತ್ತಾರೆ. ಯಾರ ಕೈ ಎಲ್ಲಿ, ಯಾವ ಬಟ್ಟೆ ಎಲ್ಲಿವರೆಗೆ, ಎಲ್ಲವನ್ನೂ ಮೊದಲೇ ಮಾತಾಡಿ ಬರೆದಿಟ್ಟುಕೊಳ್ಳುತ್ತಾರೆ. ಈ ಕೆಲಸ ವ್ಯಾಪಕವಾಗಿದ್ದು ಮೀ ಟೂ ಆದಮೇಲೆ. ಆದರೆ ಅದರ ಅಗತ್ಯ ತೋರಿಸಿಕೊಟ್ಟದ್ದು ಈ ಹಳೆಯ ಸೆಟ್ಟುಗಳು. ಈ ಸಿನಿಮಾಗಳು ಬಿಟ್ಟುಹೋದ ಆಸ್ತಿಯಲ್ಲಿ ಇದನ್ನೂ ಬರೆದುಕೊಳ್ಳಬೇಕು, ಸಾಲದ ಕಾಲಂನಲ್ಲಿ.

ಶ್ನೈಡರ್‌ದು ಪ್ರಸಿದ್ಧ ಕತೆ. ಅದಕ್ಕಿಂತ ಸಾಮಾನ್ಯವಾಗಿದ್ದ ಇನ್ನೊಂದು ಪದ್ಧತಿ ಇತ್ತು. ನಟಿ ಒಪ್ಪಿದ್ದು ಒಂದಿಷ್ಟಕ್ಕೆ. ಶೂಟಿಂಗ್ ಮುಗಿಸಿ ಆಕೆ ಮನೆಗೆ ಹೋದಮೇಲೆ ಬೇರೆ ಯಾರದೋ ನೇರ ಕಾಮದೃಶ್ಯ ಚಿತ್ರಿಸಿ ನಡುವೆ ಅಂಟಿಸುವುದು. ಮುಖ ಆಕೆಯದು, ಮೈ ಇನ್ಯಾರದೋ. ಜೆಮ್ಸರ್ ನಟಿಸಿದ ಚಿತ್ರಗಳ ಕೆಲವು ಆವೃತ್ತಿಗಳಲ್ಲಿ ಹೀಗಾಗಿದೆ. ಸ್ವೀಡನ್‌ನ ಕ್ರಿಸ್ಟಿನಾ ಲಿಂಡ್‌ಬರ್ಗ್ ನಟಿಸಿದ 1973ರ 'ಥ್ರಿಲರ್' ಚಿತ್ರದಲ್ಲೂ ಹೀಗಾಗಿದೆ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸೇಡು ತೀರಿಸಿಕೊಳ್ಳುವ ಆ ಹುಡುಗಿಯ ರೂಪವೇ ಮುಂದೆ ಟ್ಯಾರಂಟಿನೊ ಅವರ 'ಕಿಲ್ ಬಿಲ್'ನ ಒಂಟಿಗಣ್ಣಿನ ಪಾತ್ರಕ್ಕೆ ಸ್ಫೂರ್ತಿಯಾಯಿತು.

ಈ ಅಂಟಿಸುವ ವಿದ್ಯೆ ನಮಗೆ ಹೊಸದಲ್ಲ. 'ಬಿಟ್' ಎಂದರೆ ಯಾರಿಗೆ ಗೊತ್ತಿಲ್ಲ? ಸೆನ್ಸಾರ್ ಆದ ಚಿತ್ರದ ನಡುವೆ ಥಿಯೇಟರಿನವರು ಸೇರಿಸುತ್ತಿದ್ದ ತುಂಡು ರೀಲು. ಬಾಂಗ್ಲಾದೇಶದಲ್ಲಿ ಅದಕ್ಕೆ ಕಟ್‌ಪೀಸ್ ಎಂಬ ಹೆಸರು. ಆ ತುಂಡುಗಳಲ್ಲಿ ಎಷ್ಟೋ ಸಲ ವಿದೇಶಿ ಚಿತ್ರಗಳ ಚೂರುಗಳೇ ಇರುತ್ತಿದ್ದವು. ಯುರೋಪಿನ ಈ ಸಿನಿಮಾ ನಮ್ಮ ಪ್ರೇಕ್ಷಕರನ್ನು ಮುಟ್ಟಿದ ಒಂದು ದಾರಿ ಹೀಗೆ, ಹೆಸರಿಲ್ಲದ ಚೂರುಗಳಾಗಿ. ಇನ್ನೊಂದು ದಾರಿ ಮರ್ಯಾದಸ್ಥರದು: ಚಿತ್ರೋತ್ಸವ. 1980ರಲ್ಲಿ ಫಿಲ್ಮೋತ್ಸವ ಬೆಂಗಳೂರಿಗೆ ಬಂದಿತ್ತು. ಉತ್ಸವದ ವಿದೇಶಿ ಚಿತ್ರಗಳಿಗೆ ನಮ್ಮ ಸೆನ್ಸಾರ್ ಕತ್ತರಿ ಇಲ್ಲ ಎಂಬ ಸುದ್ದಿ ಸಾಕಿತ್ತು, ಭಾಷೆ ಯಾವುದಾದರೇನು, ಬ್ಲ್ಯಾಕ್‌ನಲ್ಲಿ ಟಿಕೆಟ್ ಕೊಂಡು ನುಗ್ಗುವವರಿದ್ದರು. ಅವರಿಗೂ ಒಂದು ನೆಪ ಸಿಕ್ಕಿತ್ತು, ವಿಶ್ವ ಸಿನಿಮಾ!

ನೆಪದ ವಿಷಯದಲ್ಲಿ ನಮ್ಮ ನೆರೆಯವರೂ ಕಡಿಮೆಯಿಲ್ಲ. ಮಲಯಾಳದಲ್ಲಿ ಸಾಫ್ಟ್ ಪೋರ್ನ್ ಅಲೆಗೆ ದಾರಿ ಮಾಡಿದ 1988ರ 'ಆದಿಪಾಪಂ' ಆಧಾರವಾಗಿ ಹಿಡಿದದ್ದು ಬೈಬಲ್ಲನ್ನು. ಆದಾಮ ಹವ್ವರಿಗೆ ಬಟ್ಟೆ ಎಲ್ಲಿಂದ ಬರಬೇಕು ಹೇಳಿ! ನಮ್ಮ ಕಡೆ ಹುಡುಗರು ಇಂಥ ಪಿಕ್ಚರಿಗೆ 'ದೇವರ ಚಿತ್ರ' ಎಂದು ಕಣ್ಣು ಮಿಟುಕಿಸುವುದು ಈ ಚಿತ್ರದ ಮಟ್ಟಿಗೆ ಅಕ್ಷರಶಃ ನಿಜ. ಆಮೇಲೆ 2000ದ ಆಸುಪಾಸಿನಲ್ಲಿ ಶಕೀಲಾ ಚಿತ್ರಗಳು ಕರ್ನಾಟಕದ ಮಾರ್ನಿಂಗ್ ಶೋಗಳನ್ನೂ ತುಂಬಿಸಿದವು. ಬಾಡಿ ಡಬಲ್ ಬಳಸಿ ತಮ್ಮ ಚಿತ್ರಗಳಲ್ಲಿ ದೃಶ್ಯ ಸೇರಿಸುತ್ತಿದ್ದ ಬಗ್ಗೆ ಶಕೀಲಾ ಸ್ವತಃ ಮಾತಾಡಿದ್ದಾರೆ. ಸ್ಟಾಕ್‌ಹೋಮ್, ರೋಮ್, ಕೊಚ್ಚಿ, ಎಲ್ಲ ಕಡೆ ಒಂದೇ ಅಂಟು. ಶಕೀಲಾ 2013ರಲ್ಲಿ ಆತ್ಮಕತೆ ಬರೆದರು. 2020ರಲ್ಲಿ ಅವರ ಬದುಕಿನ ಮೇಲೆ ಹಿಂದಿ ಚಿತ್ರ ಮಾಡಿದವರು ನಮ್ಮ ಇಂದ್ರಜಿತ್ ಲಂಕೇಶ್. ಆದರೆ ಆ ಡಬಲ್‌ಗಳು ಯಾರು, ಅವರಿಗೆ ಎಷ್ಟು ಸಿಕ್ಕಿತು ಎಂದು ಸಿನಿಮಾ ಮಾಡುವವರು ಇನ್ನೂ ಹುಟ್ಟಬೇಕು.

ಸ್ವಲ್ಪ ಹಗುರ ವಿಷಯಕ್ಕೆ ಬರೋಣ. ಈ ಚಿತ್ರಗಳು ಬಿಟ್ಟುಹೋದದ್ದರಲ್ಲಿ ಯಾರಿಗೂ ತಕರಾರಿಲ್ಲದ ಒಂದು ಆಸ್ತಿ ಇದೆ, ಸಂಗೀತ. 'ಮಾ ನಾ ಮಾ ನಾ, ಡೂ ಡೂ ಡುಡೂಡು' ಎಂಬ ಮಕ್ಕಳ ಹಾಡು ಕೇಳಿದ್ದೀರಲ್ಲ? ಮಪೆಟ್ ಗೊಂಬೆಗಳು ಹಾಡುವುದು. ಅದು ಹುಟ್ಟಿದ್ದು 1968ರ ಒಂದು ಇಟಾಲಿಯನ್ ಚಿತ್ರದಲ್ಲಿ. ಸ್ವೀಡನ್‌ನ ಜನ ಎಷ್ಟು ಕೆಟ್ಟಿದ್ದಾರೆ ನೋಡಿ ಎಂದು ಸಾಕ್ಷ್ಯಚಿತ್ರದ ಸೋಗಿನಲ್ಲಿ ತೋರಿಸುವ ಚಿತ್ರ. ಹೆಂಗಸರ ಸೌನಾ ದೃಶ್ಯಕ್ಕೆ ಪಿಯೆರೊ ಉಮಿಲಿಯಾನಿ ಈ ರಾಗ ಹಾಕಿದ್ದರು. ಮುಂದಿನ ವರ್ಷವೇ ಅದು 'ಸೆಸಮಿ ಸ್ಟ್ರೀಟ್' ಎಂಬ ಮಕ್ಕಳ ಕಾರ್ಯಕ್ರಮಕ್ಕೆ ಬಂತು! ರಾಗಕ್ಕೆ ಯಾವ ಮೈಲಿಗೆಯೂ ಅಂಟಲಿಲ್ಲ. ಸ್ಪೇನ್‌ನ ನಿರ್ದೇಶಕ ಹೆಸ್ಸ್ ಫ್ರಾಂಕೊ 1971ರಲ್ಲಿ ಮಾಡಿದ ರಕ್ತಪಿಶಾಚಿ ಚಿತ್ರದ ಸಂಗೀತ 1995ರಲ್ಲಿ ಸೀಡಿಯಾಗಿ ಬಂದು ಡಾನ್ಸ್ ಕ್ಲಬ್ಬುಗಳಲ್ಲಿ ಮೊಳಗಿತು, ಎರಡು ವರ್ಷದಲ್ಲಿ ಟ್ಯಾರಂಟಿನೊ ಅದರ ಒಂದು ತುಣುಕನ್ನು 'ಜಾಕಿ ಬ್ರೌನ್'ಗೆ ಎತ್ತಿಕೊಂಡರು. ಅದೇ ಫ್ರಾಂಕೊಗೆ 2009ರಲ್ಲಿ ಸ್ಪೇನ್‌ನ ಗೋಯಾ ಗೌರವ ಪ್ರಶಸ್ತಿ ಸಿಕ್ಕಿತು. ಒಂದು ಕಾಲದಲ್ಲಿ ಸೆನ್ಸಾರ್ ಕಾಟಕ್ಕೆ ದೇಶ ಬಿಟ್ಟು ಕೆಲಸ ಮಾಡಿದವರು.

ಇಲ್ಲಿಗೆ ನಾಲ್ಕನೆಯ ನೆಪ ಬಂತು, ಪರಂಪರೆ. ಅಮೆರಿಕದ ಸೆವೆರಿನ್ ಫಿಲ್ಮ್ಸ್, ವಿನೆಗರ್ ಸಿಂಡ್ರೋಮ್‌ನಂಥ ಕಂಪನಿಗಳು ಮೂಲ ನೆಗೆಟಿವ್‌ಗಳನ್ನು ಹುಡುಕಿ, ಧೂಳು ಕೊಡವಿ, ಬ್ಲೂ-ರೇ, 4ಕೆ ಡಿಸ್ಕುಗಳಲ್ಲಿ ತರುತ್ತಿವೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಕೂಡ 2009ರಿಂದ ತನ್ನ ಮರೆತುಹೋದ ಚಿತ್ರಗಳಿಗೆ ಬೇರೆ ಲೇಬಲ್ಲೇ ಮಾಡಿದೆ. 2023ರಲ್ಲಿ ಸೆವೆರಿನ್ 'ಬ್ಲ್ಯಾಕ್ ಎಮಾನ್ಯುಯೆಲ್' ಚಿತ್ರಗಳ ಭಾರೀ ಪೆಟ್ಟಿಗೆಯನ್ನು ತಂದಿತು, ಪುಸ್ತಕ ಸಮೇತ. ಕೊಳ್ಳುವವರು ಹಿಂದೆ ಕದ್ದುಮುಚ್ಚಿ ಥಿಯೇಟರಿಗೆ ಬರುತ್ತಿದ್ದ ಮಳೆಕೋಟಿನ ಮುದುಕರಲ್ಲ. ಸಿನಿಮಾ ಓದಿದವರು, ಹೆಂಗಸರೂ ಇದ್ದಾರೆ. ಮಹಿಳಾ ವಿಮರ್ಶಕರು ಇವುಗಳ ಬಗ್ಗೆ ಚೆನ್ನಾಗಿ ಬರೆಯುತ್ತಿದ್ದಾರೆ. ಈ ಚಿತ್ರಗಳನ್ನು ಉಳಿಸಬಾರದು ಎಂದು ನಾನು ಹೇಳುವುದಿಲ್ಲ. ಒಂದು ಕಾಲ ಏನನ್ನು ಬಯಸಿತ್ತು, ಯಾವುದಕ್ಕೆ ಹೆದರಿತ್ತು ಎಂದು ತಿಳಿಯಲು ಪ್ರಶಸ್ತಿ ಬಂದ ಚಿತ್ರಗಳಿಗಿಂತ ಇವೇ ಜಾಸ್ತಿ ಉಪಯೋಗ. ಒಂದು ಕಡೆ ಮಾತ್ರ ಈ ವಾದಕ್ಕೆ ಜಾಗವಿಲ್ಲ: ಮಕ್ಕಳನ್ನು ಬಳಸಿದ ಚಿತ್ರಗಳು. 1977ರ ಅಂಥ ಒಂದು ಚಿತ್ರವನ್ನು 2006ರಲ್ಲಿ ಜರ್ಮನಿಯ ಕೋರ್ಟು ಮಕ್ಕಳ ಅಶ್ಲೀಲ ಚಿತ್ರ ಎಂದೇ ಘೋಷಿಸಿತು. ಅಲ್ಲಿಗೆ ಆ ಮಾತು ಮುಗಿಯಿತು.

ಉಳಿದವುಗಳ ಕಷ್ಟ ಇರುವುದು ಹೇಗೆ ಉಳಿಸಬೇಕು ಎಂಬಲ್ಲಿ. ಸಿನೆಮಾಥೆಕ್ ಗಲಾಟೆಯಲ್ಲಿ ಎರಡು ಕಡೆಯವರೂ ಅರ್ಧ ಸರಿ ಎನಿಸುತ್ತದೆ. ಏನೂ ಆಗಿಲ್ಲ ಎಂಬಂತೆ, ಬ್ರಾಂಡೊ ಉತ್ಸವದ ಇನ್ನೊಂದು ಐಟಂ ಎಂಬಂತೆ ಆ ಚಿತ್ರವನ್ನು ಹಾಕುವುದು ಒರಟುತನ. ಪೂರ್ತಿ ಹಾಕದಿರುವುದೂ ಒಂದು ರೀತಿಯ ತಪ್ಪಿಸಿಕೊಳ್ಳುವಿಕೆ. ಅದೇ 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಜೆಸಿಕಾ ಪಲೂದ್ ಅವರ 'ಮಾರಿಯಾ' ತೆರೆಕಂಡಿತ್ತು, ಶ್ನೈಡರ್ ಕಣ್ಣಿನಿಂದ ಆ ಸೆಟ್ಟನ್ನು ನೋಡುವ ಚಿತ್ರ. ಎರಡನ್ನೂ ಒಂದೇ ಸಂಜೆ ತೋರಿಸಿ, ಮಾತಿಗೆ ಜಾಗ ಕೊಟ್ಟಿದ್ದರೆ? 2025ರ ಏಪ್ರಿಲ್‌ನಲ್ಲಿ ಫ್ರಾನ್ಸ್ ಸಂಸತ್ತಿನ ವಿಚಾರಣಾ ಆಯೋಗವೊಂದು ಸಿನಿಮಾ ಮತ್ತು ಕಲಾರಂಗದ ದೌರ್ಜನ್ಯಗಳ ಬಗ್ಗೆ ದಪ್ಪ ವರದಿ ಕೊಟ್ಟಿತು. ಈ ಸಿಟ್ಟು ಒಂದು ಸಂಜೆಯದಲ್ಲ ಎಂಬುದಂತೂ ಅಲ್ಲಿನವರಿಗೆ ಅರ್ಥವಾಗಿದೆ.

ದಿವಾನ್ ಅವರ ಹೊಸ 'ಎಮ್ಮಾನ್ಯುಯೆಲ್' ಬೇರೆ ದಾರಿ ಹಿಡಿಯಿತು. ಕತೆ ಹಾಂಗ್‌ಕಾಂಗ್‌ನ ಐಷಾರಾಮಿ ಹೋಟೆಲಿಗೆ ಹೋಗಿದೆ. ನೋಯೆಮಿ ಮೆರ್ಲಾನ್ ಮಾಡಿದ ನಾಯಕಿಗೆ ಈಗ ಕೆಲಸವಿದೆ, ಹೋಟೆಲಿನ ಗುಣಮಟ್ಟ ಪರೀಕ್ಷಿಸುವುದು. ಗಂಡಸಿನ ಪಾಠ ಬೇಕಾಗಿಲ್ಲ. ಆದರೂ ವಿಮರ್ಶಕರು ತಣ್ಣಗೆ ಸ್ವಾಗತಿಸಿದರು, ಜನ ಹೆಚ್ಚು ಬರಲಿಲ್ಲ. ಹಳೆಯದರಲ್ಲಿದ್ದ ತಪ್ಪುಗಳನ್ನೆಲ್ಲ ತೆಗೆದಮೇಲೆ ಉಳಿದದ್ದು ಬೆತ್ತದ ಕುರ್ಚಿಯ ನೆನಪು ಮಾತ್ರ. ಈಗ ನಗ್ನತೆ ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ, ಅದಕ್ಕೊಂದು ನೆಪ ಬೇಕಾಗಿಲ್ಲ. ನೆಪವೇ ಬೇಡವಾದ ಕಾಲದಲ್ಲಿ ಈ ಜಾತಿಯ ಸಿನಿಮಾ ನಿಲ್ಲುವುದು ಕಷ್ಟ.

ನಟಿಯರು ಏನಾದರು? ಕ್ರಿಸ್ಟೆಲ್ ಜೀವನವಿಡೀ ಆ ಹೆಸರಿನಿಂದ ಬಿಡಿಸಿಕೊಳ್ಳಲಾಗಲಿಲ್ಲ. ಪೇಂಟಿಂಗ್ ಮಾಡಿದರು, ಒಂದು ಕಿರು ಅನಿಮೇಷನ್ ನಿರ್ದೇಶಿಸಿದರು, 2006ರಲ್ಲಿ ಆತ್ಮಕತೆ ಬರೆದರು. 2012ರಲ್ಲಿ, 60ರ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳ ತಲೆಬರಹದಲ್ಲೂ ಎಮ್ಮಾನ್ಯುಯೆಲ್ ಎಂದೇ ಇತ್ತು. ಇಟಲಿಯ ಕಾಮಹಾಸ್ಯ ಚಿತ್ರಗಳ ರಾಣಿ ಎಡ್ವಿಜ್ ಫೆನೆಕ್ ನಿರ್ಮಾಪಕಿಯಾದರು. ಅಲ್ ಪಚಿನೊ ಶೈಲಾಕ್ ಮಾಡಿದ 2004ರ 'ಮರ್ಚೆಂಟ್ ಆಫ್ ವೆನಿಸ್'ನ ನಿರ್ಮಾಪಕರಲ್ಲಿ ಅವರೂ ಒಬ್ಬರು. ಲಿಂಡ್‌ಬರ್ಗ್ ಪತ್ರಕರ್ತೆಯಾಗಿ ವಿಮಾನಯಾನದ ಪತ್ರಿಕೆ ನಡೆಸಿದರು, ಕಾಡಿನಲ್ಲಿ ಅಣಬೆ ಹುಡುಕುವುದು ಹೇಗೆ ಎಂದು ವಿಡಿಯೋ ಮಾಡಿದರು, ಹಳೆಯ ಚಿತ್ರಗಳ ಬಗ್ಗೆ ಕೇಳಿದರೆ ತಮ್ಮ ಮಾತಿನಲ್ಲೇ ಉತ್ತರ ಕೊಡುತ್ತಾರೆ. ಜೆಮ್ಸರ್ ಕೊನೆಕೊನೆಗೆ ಕ್ಯಾಮೆರಾ ಮುಂದಿನಿಂದ ಸರಿದು ವಸ್ತ್ರವಿನ್ಯಾಸಕ್ಕೆ ಇಳಿದರು. ಅತಿ ಕೆಟ್ಟ ಚಿತ್ರ ಎಂಬ ಕಾರಣಕ್ಕೇ ಜನ ಪ್ರೀತಿಸುವ 'ಟ್ರಾಲ್ 2'ರ ಬಟ್ಟೆಗಳು ಅವರದೇ. ಆಮೇಲೆ ಸಾರ್ವಜನಿಕ ಬದುಕಿನಿಂದ ದೂರ ಉಳಿದರು.

ಡಿಸ್ಕಿನ ಪೆಟ್ಟಿಗೆಗಳು ಬರುತ್ತಲೇ ಇವೆ. ಹಳೆಯ ಕರಾರಿನಲ್ಲಿ ಬ್ಲೂ-ರೇ, ಸ್ಟ್ರೀಮಿಂಗ್ ಎಂಬ ಪದಗಳೇ ಇರಲಿಲ್ಲ. ಆಗ ಕೈಗಿಟ್ಟ ಒಂದು ಸಲದ ಸಂಭಾವನೆಗೆ ಐವತ್ತು ವರ್ಷದ ಮರುಮಾರಾಟವೂ ಸೇರಿತ್ತಾ? ನಟಿಗೆ ಗೊತ್ತಿಲ್ಲದೆ ಅಂಟಿಸಿದ ದೃಶ್ಯವನ್ನು 'ಪೂರ್ತಿ ಆವೃತ್ತಿ' ಎಂದು ಮಾರುವಾಗ ಆಕೆಯನ್ನು ಒಂದು ಮಾತು ಕೇಳಬೇಕಲ್ವಾ? ಸಂಗೀತ ನಿರ್ದೇಶಕರಿಗೆ ಈ ತೊಂದರೆಯಿಲ್ಲ. ಹಾಡು ಮೊಳಗಿದಷ್ಟು ಸಲ ರಾಯಲ್ಟಿ ಬರುವ ವ್ಯವಸ್ಥೆ ಅವರಿಗಿದೆ. ಮುಖ ಮತ್ತು ಮೈ ಕೊಟ್ಟವರಿಗೆ ಅಂಥ ವ್ಯವಸ್ಥೆಯನ್ನು ಈ ಉದ್ಯಮ ಮಾಡಲಿಲ್ಲ. ಒಂದು ಪೆಟ್ಟಿಗೆ ಬಂದಾಗ ಎಷ್ಟು ಕೆ, ಎಷ್ಟು ನಿಮಿಷ ಹೆಚ್ಚು ಎಂದು ಎಲ್ಲರೂ ಹಿಂಬದಿ ಓದುತ್ತಾರೆ. ನಾನು ಮೊದಲು ಹುಡುಕುವುದು ನಟಿಯ ಸಂದರ್ಶನ ಇದೆಯಾ, ಇದ್ದರೆ ಯಾವ ವರ್ಷದ್ದು, ಕೇಳಿದವರು ಯಾರು ಎಂಬುದನ್ನು.